ಮರೆತವನನ್ನೂ ನೆನೆಯುವ ದೇವರು

ಬದುಕಿಡೀ ದೇವರನ್ನು ನೆನೆದವನಿಗೆ ಕೊನೆಯ ಗಳಿಗೆಯಲ್ಲಿ ಮನಸ್ಸೇ ಕೈಕೊಟ್ಟರೆ ಗತಿಯೇನು? ಅಂತ್ಯಕಾಲದ ಸ್ಮರಣೆಗೆ ಭಗವದ್ಗೀತೆಯ ಎಂಟನೆಯ ಅಧ್ಯಾಯ ಕೊಟ್ಟಿರುವ ತೂಕವನ್ನು ಬಲ್ಲ ಯಾರಿಗೂ ಈ ಅಳುಕು ಸಹಜ. ಇದಕ್ಕೆ ಉತ್ತರವಾಗಿ ಶ್ರೀವೈಷ್ಣವ ಪರಂಪರೆ ಎದೆಗೊತ್ತಿಕೊಂಡದ್ದು ವರಾಹ ಚರಮಶ್ಲೋಕವನ್ನು. ಮೈಮನಸ್ಸು ನೆಟ್ಟಗಿದ್ದಾಗ ತನ್ನನ್ನು ನೆನೆದ ಭಕ್ತ ಸಾಯುವ ಹೊತ್ತಿಗೆ ಕಟ್ಟಿಗೆಯಂತೆ, ಕಲ್ಲಿನಂತೆ ಬಿದ್ದಿದ್ದರೆ, ಆಗ ಅವನನ್ನು ತಾನು ನೆನೆಯುವೆನೆಂದು ವರಾಹಮೂರ್ತಿ ಭೂದೇವಿಗೆ ಕೊಟ್ಟ ಮಾತು ಅದು. ನೆನೆಯುವ ಕ್ರಿಯೆ ಉಳಿದಿದೆ, ಅದರ ಕರ್ತೃ ಬದಲಾಗಿದ್ದಾನೆ. ಪ್ರಪತ್ತಿ, ಅಂದರೆ ಶರಣಾಗತಿ, ಎಂಬ ಸಿದ್ಧಾಂತದ ಜೀವಾಳವೆಲ್ಲ ಈ ಪಲ್ಲಟದಲ್ಲೇ ಇದೆ. ಸೋತವನಿಗೆ ಅದು ಕೊಡುವ ಧೈರ್ಯವೂ ಇಲ್ಲಿಂದಲೇ ಹುಟ್ಟುತ್ತದೆ ಎಂಬುದು ನನ್ನ ವಾದ.

ರಾಮಾನುಜರ ಶರಣಾಗತಿಗದ್ಯವನ್ನು ನೋಡಿ. ಶ್ರೀಭಾಷ್ಯದಂಥ ಗ್ರಂಥ ಬರೆದ ಆಚಾರ್ಯರು ಇಲ್ಲಿ ತಮ್ಮ ಪಾಂಡಿತ್ಯವನ್ನೋ ಸಾಧನೆಯನ್ನೋ ದೇವರ ಮುಂದೆ ಇಡುವುದಿಲ್ಲ; ಮನಸ್ಸು, ಮಾತು, ಮೈಗಳಿಂದ ಆದ ಅಪರಾಧಗಳನ್ನು ಇಡುತ್ತಾರೆ. ಮಾಡಿದ ತಪ್ಪು, ಮಾಡುತ್ತಿರುವ ತಪ್ಪುಗಳಷ್ಟೇ ಅಲ್ಲ, ಮುಂದೆ ಮಾಡಲಿರುವ ತಪ್ಪುಗಳಿಗೂ ಕ್ಷಮೆ ಬೇಡುತ್ತಾರೆ. ಈ ಮೂರನೆಯ ಬೇಡಿಕೆಯ ಬಳಿ ಸ್ವಲ್ಪ ನಿಲ್ಲಬೇಕು. ಇನ್ನು ಮೇಲೆ ತಪ್ಪುವುದಿಲ್ಲ ಎಂಬ ಪ್ರತಿಜ್ಞೆ ಇಲ್ಲಿಲ್ಲ. ಶರಣಾದ ಮೇಲೂ ಮನುಷ್ಯ ಎಡವುತ್ತಾನೆಂಬುದನ್ನು ಒಪ್ಪಿಕೊಂಡೇ, ಆ ಎಡವುವಿಕೆ ಸಂಬಂಧವನ್ನು ಕಡಿಯದಿರಲಿ ಎಂದು ಕೇಳಿಕೊಳ್ಳಲಾಗಿದೆ. ತನ್ನ ದೃಢತೆಯನ್ನು ಅಡವಿಡದ ಇಂಥ ಪ್ರಾರ್ಥನೆ ಭಕ್ತಿಸಾಹಿತ್ಯದಲ್ಲೂ ಅಪರೂಪ.

ರಾಮಾನುಜರ ನಂತರ ಪರಂಪರೆ ಕವಲೊಡೆಯಿತು. ತೆಂಗಲೆಯವರದು ತಾಯಿಯೇ ಕಚ್ಚಿ ಒಯ್ಯುವ ಬೆಕ್ಕಿನ ಮರಿಯ ನ್ಯಾಯ, ವಡಗಲೆಯವರದು ತಾಯಿಯನ್ನು ತಾನೇ ಅಪ್ಪಿ ಹಿಡಿಯುವ ಕೋತಿಮರಿಯ ನ್ಯಾಯ ಎಂಬ ಹೋಲಿಕೆ ಎಲ್ಲರೂ ಕೇಳಿದ್ದೇ. ಅದು ಭಿನ್ನಾಭಿಪ್ರಾಯವನ್ನು ಇದ್ದುದಕ್ಕಿಂತ ಹಿಗ್ಗಿಸುತ್ತದೆ. ನಿಜವಾದ ಜಗ್ಗಾಟ ‘ವಾತ್ಸಲ್ಯ’ ಎಂಬ ಪದದ ಅರ್ಥದಲ್ಲಿದೆ. ಆಗತಾನೇ ಈದ ಹಸು ಕರುವಿನ ಮೈಮೇಲಿನ ಕೊಳೆಯನ್ನು ಅಕ್ಕರೆಯಿಂದ ನೆಕ್ಕುವಂತೆ ದೇವರಿಗೆ ಭಕ್ತನ ದೋಷವೇ ಭೋಗ್ಯ ಎಂಬುದು ಶ್ರೀವಚನಭೂಷಣ ಬರೆದ ತೆಂಗಲೆಯ ಪಿಳ್ಳೈ ಲೋಕಾಚಾರ್ಯರ ದಾರಿ. ಅಷ್ಟು ದೂರ ಹೋಗಲು ವಡಗಲೆಯ ವೇದಾಂತ ದೇಶಿಕರು ಒಪ್ಪಲಿಲ್ಲ. ದೋಷ ಭೋಗ್ಯವಾದರೆ ಹೆಚ್ಚು ತಪ್ಪು ಮಾಡಿದವನು ದೇವರನ್ನು ಹೆಚ್ಚು ಮೆಚ್ಚಿಸಿದಂತಾಗುವುದಿಲ್ಲವೇ? ಅವರ ಪ್ರಕಾರ ದೇವರು ದೋಷವನ್ನು ಸವಿಯುವುದಿಲ್ಲ, ಎಣಿಸದೆ ಬಿಡುತ್ತಾನೆ. ಒಬ್ಬನನ್ನು ಕಾಪಾಡಿ ಇನ್ನೊಬ್ಬನನ್ನು ಬಿಟ್ಟರೆ ಪಕ್ಷಪಾತದ ಅಪವಾದ ದೇವರಿಗೆ ತಟ್ಟುತ್ತದೆ. ಅದು ತಟ್ಟದಿರಲು ಜೀವನ ಕಡೆಯಿಂದ ಒಂದು ನೆಪವಾದರೂ, ‘ವ್ಯಾಜ’ವಾದರೂ ಬೇಕು. ಆದರೆ ವ್ಯಾಜ ಬೆಲೆಯಲ್ಲ, ಅದನ್ನು ತೆತ್ತು ಯಾರೂ ಕರುಣೆಯನ್ನು ಕೊಳ್ಳಲಾರರು ಎಂಬುದರಲ್ಲಿ ದೇಶಿಕರಿಗೂ ಸಂಶಯವಿರಲಿಲ್ಲ. ಶರಣಾದವನು ಬೇಕೆಂದೇ ತಪ್ಪಿದರೆ ಮತ್ತೆ ಕ್ಷಮೆ ಬೇಡಬೇಕು, ಬೇಡದಿದ್ದರೆ ಈ ಜನ್ಮದಲ್ಲೇ ಲಘುವಾದ ಶಿಕ್ಷೆಯುಂಟು ಎನ್ನುವ ಅವರೂ ಅವನ ಮೋಕ್ಷ ತಪ್ಪಿತೆಂದು ಹೇಳುವುದಿಲ್ಲ. ಸೋತವನ ಮಟ್ಟಿಗೆ ಎರಡೂ ಕಡೆಯವರ ತೀರ್ಪು ಒಂದೇ.

ನನಗೆ ದೇಶಿಕರ ತರ್ಕ ಹೆಚ್ಚು ಬಿಗಿಯಾಗಿ ಕಾಣುತ್ತದೆ, ಲೋಕಾಚಾರ್ಯರ ರೂಪಕ ಹೆಚ್ಚು ನಿಜವಾಗಿ. ಕರು ತಾಯಿ ನೆಕ್ಕಲೆಂದು ಕೊಳೆ ಮಾಡಿಕೊಂಡು ಬರುವುದಿಲ್ಲ, ಹುಟ್ಟಿನೊಂದಿಗೇ ಮೆತ್ತಿಕೊಂಡು ಬರುತ್ತದೆ. ಈ ಮಾತು ಹೇಳಬೇಕಾದದ್ದು ತಪ್ಪಿಗೆ ಪರವಾನಗಿ ಹುಡುಕುವವನಿಗಲ್ಲ, ತನ್ನ ಮೈಯ ನಾತಕ್ಕೆ ತಾನೇ ಹೇಸಿ ದೂರ ನಿಂತವನಿಗೆ. ಲೋಕಾಚಾರ್ಯರು ಕೊಡುವ ಇನ್ನೊಂದು ಸಾಕ್ಷ್ಯ ಇದಕ್ಕಿಂತ ಆಳವಾದದ್ದು. ಸೀತೆಯನ್ನು ನೋಯಿಸಿದ ಕಾಕಾಸುರ ಉಳಿದ, ಅವನಷ್ಟು ಅಪರಾಧ ಮಾಡದ ರಾವಣ ಅಳಿದ. ಕಾರಣ, ಅಲ್ಲಿ ಸೀತೆ ರಾಮನ ಪಕ್ಕದಲ್ಲಿದ್ದಳು, ಇಲ್ಲಿರಲಿಲ್ಲ. ಸೀತೆಯ ಈ ಮಧ್ಯಸ್ಥಿಕೆಯನ್ನು ಪರಂಪರೆ ‘ಪುರುಷಕಾರ’ ಎನ್ನುತ್ತದೆ. ಅಪರಾಧಕ್ಕೆ ಗುರಿಯಾದವಳೇ ಅಪರಾಧಿಯ ಪರವಾಗಿ ನಿಲ್ಲುವ ಈ ಚಿತ್ರದಲ್ಲಿ ತಪ್ಪು ಹಗುರವಾಗುವುದಿಲ್ಲ. ಗಾಯವನ್ನು ಕಣ್ಣೆದುರೇ ಇಟ್ಟುಕೊಂಡು ಕ್ಷಮೆ ಬರುತ್ತದೆ.

ಈ ಪರಂಪರೆ ತಪ್ಪಿದ್ದು ಬೇರೆ ಕಡೆ. ಭಕ್ತನ ಹುಟ್ಟನ್ನು ಕೆದಕಿ ನೋಡುವುದು ಘೋರ ಅಪಚಾರವೆಂದು ಶ್ರೀವಚನಭೂಷಣವೇ ಹೇಳಿತು. ಹಾಗಿದ್ದೂ ಗುಡಿಯ ಒಳಗೆ ಹುಟ್ಟಿನ ಲೆಕ್ಕ ನಿಲ್ಲಲಿಲ್ಲ. ಕರುಣೆಯ ಸ್ವರೂಪದ ಚರ್ಚೆ ಹಣೆಯ ನಾಮದ ಆಕಾರದ ಜಗಳವಾಗಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ದೇವರು ಎಣಿಸದ ದೋಷಗಳನ್ನು ಅವನ ಮನೆಯವರು ಒಂದೊಂದಾಗಿ ಎಣಿಸಿದರು. ಇದು ಸಿದ್ಧಾಂತದ ಸೋಲಲ್ಲ, ಅದನ್ನು ನಂಬಿದವರ ಸೋಲು ಎಂದು ಹೇಳಬಹುದು. ಆದರೂ ನೋವು ಕಡಿಮೆಯಾಗುವುದಿಲ್ಲ.

ಎಲ್ಲವನ್ನೂ ದೇವರೇ ಮಾಡುತ್ತಾನೆಂದರೆ ಮನುಷ್ಯ ಕೈಕಟ್ಟಿ ಕೂರುತ್ತಾನೆ ಎಂಬ ಆಕ್ಷೇಪವೊಂದು ಉಳಿಯುತ್ತದೆ. 1323ರಲ್ಲಿ ದೆಹಲಿಯ ಸೈನ್ಯ ಶ್ರೀರಂಗದ ಮೇಲೆ ಬಿದ್ದಾಗ, ಜೀವನ ಪ್ರಯತ್ನ ಮೋಕ್ಷಕ್ಕೆ ಉಪಾಯವಲ್ಲವೆಂದು ಬೋಧಿಸಿದ್ದ ಲೋಕಾಚಾರ್ಯರು ಮುಪ್ಪಿನಲ್ಲಿ ಉತ್ಸವಮೂರ್ತಿಯೊಂದಿಗೆ ಕಾಡುದಾರಿ ಹಿಡಿದು, ಮದುರೆಯ ಬಳಿಯ ಜ್ಯೋತಿಷ್ಕುಡಿಯಲ್ಲಿ ಕಣ್ಮುಚ್ಚಿದರೆಂದು ಪರಂಪರೆ ನೆನೆಯುತ್ತದೆ. ದೇಶಿಕರು ಶ್ರೀಭಾಷ್ಯದ ವ್ಯಾಖ್ಯಾನವಾದ ಶ್ರುತಪ್ರಕಾಶಿಕೆಯ ಓಲೆಗಳನ್ನು ಕಾಪಾಡಿಕೊಂಡು ನಮ್ಮ ಕೊಳ್ಳೇಗಾಲದ ಕಡೆಯ ಸತ್ಯಾಗಾಲಕ್ಕೆ ಬಂದರಂತೆ. ಭಯ ನೀಗಲೆಂದು ಬೇಡುವ ಅಭೀತಿಸ್ತವ ಹುಟ್ಟಿದ್ದು ಆ ದಿನಗಳಲ್ಲೇ ಎನ್ನುತ್ತಾರೆ. ಹಿಡಿಯಲ್ಪಟ್ಟಿದ್ದೇವೆಂದು ನಂಬಿದವರ ಕೈ ಸುಮ್ಮನಿರಲಿಲ್ಲ. ಮೇಲುಕೋಟೆ, ತಿರುಪತಿಗಳಲ್ಲೂ ಆಶ್ರಯ ಪಡೆದು, 1371ರಲ್ಲಿ ವಿಜಯನಗರದ ಗೋಪಣ್ಣನ ಕಾಲಕ್ಕೆ ಮೂರ್ತಿ ಶ್ರೀರಂಗಕ್ಕೆ ಮರಳಿತು. ಆ ವೇಳೆಗೆ ಗುರುತು ಹೇಳಬಲ್ಲವರೇ ಊರಲ್ಲಿ ಉಳಿದಿರಲಿಲ್ಲ. ಕಣ್ಣು ಕಾಣದ ಮುದಿ ಅಗಸನೊಬ್ಬ ಅಭಿಷೇಕದ ಬಟ್ಟೆ ಹಿಂಡಿದ ನೀರನ್ನು ಬಾಯಿಗಿಟ್ಟು, ಇವನೇ ನಮ್ಮ ಪೆರುಮಾಳ್ ಎಂದನಂತೆ. ಶ್ರೀರಂಗದ ಉತ್ಸವಮೂರ್ತಿಯನ್ನು ಇಂದಿಗೂ ಕರೆಯುವುದು ಅವನಿಟ್ಟ ಹೆಸರಿನಿಂದ: ನಂಪೆರುಮಾಳ್.