ಕಪ್ಪಿನ ತೂಕ, ಕಾಸಿನ ತೂಕ

ನಮ್ಮ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜಾಗುವುದು ಗೂಡು. ಸೊಪ್ಪಿಗೆ ಎಷ್ಟು ದುಡ್ಡು ಸುರಿದಿರೆಂದು ರೀಲರ್ ಕೇಳುವುದಿಲ್ಲ. ಫುಟ್‌ಬಾಲ್ ಕೋಚ್‌ಗಳನ್ನೂ ನಾವು ಕಪ್ ಎಣಿಸಿಯೇ ಅಳೆಯುತ್ತೇವೆ.

2014 ಮತ್ತು 2016ರಲ್ಲಿ ಬೆಂಗಳೂರು ಎಫ್‌ಸಿಗೆ ಐ-ಲೀಗ್ ಗೆದ್ದುಕೊಟ್ಟ ಆಶ್ಲಿ ವೆಸ್ಟ್‌ವುಡ್ ಬೆನ್ನಿಗೆ ಜೆಎಸ್‌ಡಬ್ಲ್ಯೂ ಹಣವಿತ್ತು. 2017ರಲ್ಲಿ ಖಾಲಿದ್ ಜಮೀಲ್ ಸಣ್ಣ ಬಜೆಟ್ಟಿನ ಐಜ್ವಾಲ್ ತಂಡದಿಂದ ಅದೇ ಲೀಗ್ ಗೆದ್ದರು. ನನ್ನ ತಕ್ಕಡಿಯಲ್ಲಿ ಜಮೀಲರ ಗೆಲುವೇ ಭಾರ.

ಆದರೆ ಕಾಲ ದಾಟಿದರೆ ಈ ಲೆಕ್ಕ ಕೆಡುತ್ತದೆ. 1968–69ರಲ್ಲಿ ಮೈಸೂರು ಗೆದ್ದ ಸಂತೋಷ್ ಟ್ರೋಫಿಯಲ್ಲಿ ದೇಶದ ದೊಡ್ಡ ಆಟಗಾರರು ಆಡುತ್ತಿದ್ದರು. 2023ರಲ್ಲಿ ಕರ್ನಾಟಕ ಗೆದ್ದಾಗ ಅಂಥವರನ್ನು ಐಎಸ್‌ಎಲ್ ಹಣ ಎಳೆದುಕೊಂಡಿತ್ತು. ಹೆಸರು ಅದೇ, ಕಪ್ ಬೇರೆ.

ಕೋಚ್ ಒಬ್ಬರನ್ನು ಅವರ ಕಾಲದ ಎದುರಾಳಿಗಳ ಜೇಬು ನೋಡಿ ಅಳೆಯಬೇಕು. ಇನ್ನೊಂದು ಕಾಲದ ಕಪ್ ನೋಡಿ ಅಲ್ಲ.