ಸೃಷ್ಟಿಯ ಗೌರವ, ಜನರ ಗೌರವ: ‘ಲೌದಾತೊ ಸಿ’ 146ನೇ ಪರಿಚ್ಛೇದದ ಒಂದು ವಿಮರ್ಶೆ

ಜಗದ್ಗುರು ಫ್ರಾನ್ಸಿಸರು 2015ರಲ್ಲಿ ನೀಡಿದ ‘ಲೌದಾತೊ ಸಿ’ ವಿಶ್ವಪತ್ರವನ್ನು ನಾವು ಹೆಚ್ಚಾಗಿ ಸಸಿ ನೆಡುವ ಕರೆಯೆಂದೇ ಓದುತ್ತೇವೆ. ಅದರ 146ನೇ ಪರಿಚ್ಛೇದ ಇದಕ್ಕಿಂತ ಕಠಿಣವಾದುದು. ಮೂಲನಿವಾಸಿಗಳು ಹಲವು ಅಲ್ಪಸಂಖ್ಯಾತರ ನಡುವೆ ಮತ್ತೊಂದು ಗುಂಪಲ್ಲ; ಅವರ ನೆಲದ ವಿಷಯದಲ್ಲಿ ಅವರೇ ಸಂವಾದದ ಪ್ರಮುಖ ಪಾಲುದಾರರು; ಅವರಿಗೆ ಭೂಮಿ ಸರಕಲ್ಲ, ದೇವರಿಂದಲೂ ಪೂರ್ವಜರಿಂದಲೂ ಬಂದ ವರದಾನ ಎಂಬುದು ಅದರ ಸಾರ.

ಈ ಬೋಧನೆಯನ್ನು ನಮ್ಮ ನೆಲದಲ್ಲಿಟ್ಟು ನೋಡೋಣ. ಬಂಟ್ವಾಳದಲ್ಲಿ ಹರಿಯುವ ನೇತ್ರಾವತಿಯ ನೀರು ಬೆಳ್ತಂಗಡಿಯ ಘಟ್ಟಗಳಿಂದ ಇಳಿದುಬರುತ್ತದೆ. ಆ ಘಟ್ಟಗಳು ಮಲೆಕುಡಿಯರ ನೆಲೆ. ಮೂಡುಬಿದಿರೆಯ ಹೆಸರಿನಲ್ಲೇ ಬಿದಿರು ಇದೆ. ಆ ಬಿದಿರನ್ನೂ ಕಾಡಿನ ಬಳ್ಳಿಯನ್ನೂ ಬುಟ್ಟಿಯಾಗಿಸುವ ಕಸುಬು ಕೊರಗರದು. ನಾವು ಪ್ರಕೃತಿಯೆಂದು ಕರೆಯುವುದು ಇವರ ಬದುಕು.

ಪರಿಚ್ಛೇದದ ಎರಡು ಮಿತಿಗಳು ಇಲ್ಲಿ ಕಾಣುತ್ತವೆ. ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸುವ ಒತ್ತಡಗಳೆಂದು ಅದು ಕೃಷಿ ಮತ್ತು ಗಣಿ ಯೋಜನೆಗಳನ್ನು ಹೆಸರಿಸುತ್ತದೆ. ಅರಣ್ಯ ಸಂರಕ್ಷಣೆಯನ್ನು ಹೆಸರಿಸುವುದಿಲ್ಲ. ಕುದುರೆಮುಖದ ಕಬ್ಬಿಣದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಆದರೆ 1987ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನದೊಳಗಿನ ಮಲೆಕುಡಿಯ ಮನೆಗಳ ಮೇಲಿನ ಒತ್ತಡ ಗಣಿಯೊಂದಿಗೆ ಕೊನೆಗಾಣಲಿಲ್ಲ. ಸೃಷ್ಟಿಯ ರಕ್ಷಣೆಯ ಹೆಸರಿನಲ್ಲೂ ಬಡವನು ಅಂಗಳ ಕಳೆದುಕೊಳ್ಳಬಹುದು.

ಎರಡನೆಯ ಮಿತಿ ಇನ್ನೂ ಆಳದ್ದು. ನೆಲದಲ್ಲಿ ಉಳಿದವರು ಅದನ್ನು ಚೆನ್ನಾಗಿ ಕಾಯುತ್ತಾರೆ ಎಂದು ಪರಿಚ್ಛೇದ ಹೇಳುತ್ತದೆ. ನೆಲವನ್ನೇ ಹೊಂದಗೊಡದ ಅಸ್ಪೃಶ್ಯತೆಯ ಮಾತು ಅಲ್ಲಿಲ್ಲ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣ್ಣಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕಕ್ಕೆ 2000ನೇ ಇಸವಿಯಲ್ಲಿ ಕಾನೂನೇ ಬೇಕಾಯಿತು. ಈ ಅವಮಾನವನ್ನು ಮರೆತು ಅವರ ಡೋಲನ್ನು ಮಾತ್ರ ನಮ್ಮ ಮೆರವಣಿಗೆಗೆ ಕರೆದರೆ ಅದು ಗೌರವವಲ್ಲ.

ಲೆನಾಪೆ ಜನರ ನಾಡಾಗಿದ್ದ ನ್ಯೂಯಾರ್ಕಿನಲ್ಲಿ ಈಗ ಹಲವು ಸಭೆಗಳು ಅವರ ಹೆಸರನ್ನು ಸ್ಮರಿಸಿ ಆರಂಭವಾಗುತ್ತವೆ. ಸ್ಮರಣೆ ಒಳ್ಳೆಯದೇ, ಆದರೆ ಬೈಬಲ್ ಅಲ್ಲಿಗೆ ನಿಲ್ಲುವುದಿಲ್ಲ. ನಾಬೋತನ ದ್ರಾಕ್ಷಿತೋಟದ ಪ್ರಸಂಗದಲ್ಲಿ (1 ಅರಸುಗಳು 21) ಪಿತ್ರಾರ್ಜಿತ ನೆಲವನ್ನು ಕಸಿದವನನ್ನು ದೇವರು ಎಲೀಯನ ಮೂಲಕ ಪ್ರಶ್ನಿಸುತ್ತಾರೆ. ಭೂಮಿ ದೇವರದು, ನಾವು ಅದರಲ್ಲಿ ಪರದೇಶಿಗಳು ಎಂಬ ಯಾಜಕಕಾಂಡದ (25:23) ವಚನ, ಘಟ್ಟದ ತಪ್ಪಲಲ್ಲಿ ರಬ್ಬರ್ ತೋಟ ಮಾಡಿದ ನಮ್ಮ ವಿಶ್ವಾಸಿಗಳಿಗೂ ಅನ್ವಯಿಸುತ್ತದೆ.

ಆದುದರಿಂದ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ವರೆಗಿನ ಸೃಷ್ಟಿಕಾಲದಲ್ಲಿ ಗುರು ಅಭ್ಯರ್ಥಿಗಳನ್ನು ಕಾಡಿಗೆ ಕರೆದೊಯ್ಯುವ ಮೊದಲು ಮಲೆಕುಡಿಯರ ಅಂಗಳಕ್ಕೆ ಕರೆದೊಯ್ಯಬೇಕು, ಅವರು ಬರಹೇಳಿದರೆ ಮಾತ್ರ. ಅರಣ್ಯ ಹಕ್ಕು ಕಾಯ್ದೆ, 2006 ಸಾಮಾಜಿಕ ಬೋಧನೆಯ ಪಾಠದೊಳಗೆ ಬರಬೇಕು. ಕೊರಗರ ಬುಟ್ಟಿಗೆ ಚೌಕಾಶಿಯಿಲ್ಲದೆ ಅವರು ಹೇಳಿದ ಬೆಲೆ ಸಲ್ಲಬೇಕು. 146ನೇ ಪರಿಚ್ಛೇದದ ವ್ಯಾಖ್ಯಾನ ನಮ್ಮಲ್ಲಿ ಇಲ್ಲಿಂದ ಆರಂಭವಾಗಲಿ.