'ಪೋಸ್ಟ್' ಎಂಬ ಉಪಸರ್ಗ

ನೆರೆಮನೆಯ ಎಂ. ಎ. ವಿದ್ಯಾರ್ಥಿಯೊಬ್ಬ ಮೊನ್ನೆ ತನ್ನ ಪ್ರಬಂಧವನ್ನು ತಿದ್ದಿಕೊಡಬೇಕೆಂದು ತಂದ. ಮೂರು ಪುಟಗಳಲ್ಲಿ 'ವಸಾಹತೋತ್ತರ' ಎಂಬ ಮಾತು ಹನ್ನೊಂದು ಸಲ ಬಂದಿತ್ತು. "ಹಾಗೆಂದರೇನಪ್ಪ?" ಎಂದೆ. "ಪೋಸ್ಟ್-ಕಲೋನಿಯಲ್, ಸಾರ್" ಎಂದ. "ಹಾಗೆಂದರೆ?" "ವಸಾಹತೋತ್ತರ, ಸಾರ್!" ಇಬ್ಬರೂ ನಕ್ಕೆವು. ಆದರೆ ಅವನು ಹೋದ ಮೇಲೆ ಆ ಪುಟ್ಟ ಉಪಸರ್ಗ ನನ್ನನ್ನು ಕಾಡತೊಡಗಿತು.

ಲ್ಯಾಟಿನ್ನಿನಲ್ಲಿ 'ಪೋಸ್ಟ್' ಎಂದರೆ 'ಆಮೇಲೆ'. ಕಾಗದ ಮುಗಿದ ಮೇಲೆ ಬರೆಯುವ ಪೋಸ್ಟ್‌ಸ್ಕ್ರಿಪ್ಟು, ಪ್ರಾಣ ಹೋದ ಮೇಲೆ ಮಾಡುವ ಪೋಸ್ಟ್‌ಮಾರ್ಟಂ, ಎರಡರಲ್ಲಿಯೂ ಇರುವುದು ಅದೇ. ಅಂಚೆಯ ಪೋಸ್ಟು ಮಾತ್ರ ಬೇರೆ ವಂಶದ್ದು. 'ಇರಿಸು' ಎಂಬರ್ಥದ ಧಾತುವಿನಿಂದ ಬಂದದ್ದು. ಮೊದಲಿನ ಎರಡು ಪದಗಳಲ್ಲಿ ತೊಡಕಿಲ್ಲ. ಕಾಗದವೂ ಮುಗಿದಿದೆ, ಪ್ರಾಣವೂ ಹೋಗಿದೆ. ಆದರೆ ವಸಾಹತುಶಾಹಿ ಮುಗಿದಿದೆಯೇ?

ಪಂಚಾಂಗದ ಪ್ರಕಾರ ನಮ್ಮಲ್ಲಿ 1947ಕ್ಕೆ ಮುಗಿಯಿತು. ಆದರೆ ನಮ್ಮ ಕೊಡುಕೊಳೆಗಳನ್ನು ಇಂದಿಗೂ ಆಳುತ್ತಿರುವುದು 1872ರ ಕರಾರು ಕಾಯಿದೆ! 1989ರಲ್ಲಿ 'ದಿ ಎಂಪೈರ್ ರೈಟ್ಸ್ ಬ್ಯಾಕ್' ಎಂಬ ಗ್ರಂಥವನ್ನು ಬರೆದ ಆಷ್‌ಕ್ರಾಫ್ಟ್, ಗ್ರಿಫಿತ್ಸ್ ಮತ್ತು ಟಿಫಿನ್ ಇದಕ್ಕೊಂದು ದಾರಿ ಕಂಡುಕೊಂಡರು. ವಸಾಹತು ನೆಲೆಗೊಂಡ ಗಳಿಗೆಯಿಂದ ಇಂದಿನವರೆಗೆ ಅದರ ಪ್ರಭಾವಕ್ಕೆ ಸಿಕ್ಕ ಸಮಸ್ತ ಸಂಸ್ಕೃತಿಯನ್ನೂ ಈ ಹೆಸರಿನಡಿ ಸೇರಿಸಿದರು. ಹೀಗೆ 'ಆಮೇಲೆ' ಎಂಬುದು 'ಅಂದಿನಿಂದ' ಎಂದಾಯಿತು. ಇಷ್ಟು ಹಿಗ್ಗಿಸಿದ ಪದದಿಂದ ವಿಮರ್ಶಕನಿಗೆ ಏನು ಪ್ರಯೋಜನ? 1992ರಲ್ಲಿ ಆನ್ ಮೆಕ್‌ಕ್ಲಿಂಟಾಕ್ ಎಂಬ ವಿದುಷಿ ಎತ್ತಿದ ಆಕ್ಷೇಪಣೆಯೂ ಯೋಗ್ಯವಾದದ್ದೇ. ಈ 'ಆಮೇಲೆ' ಬೇರೆ ಬೇರೆ ನಾಡುಗಳ ಚರಿತ್ರೆಯನ್ನೆಲ್ಲ ಯೂರೋಪಿನ ಕಾಲಮಾನಕ್ಕೆ ಕಟ್ಟಿಹಾಕುತ್ತದೆ ಎಂಬುದು ಅವರ ವಾದ.

ಇನ್ನು ನಮ್ಮ ಕನ್ನಡದ ಮಾತು. ಸ್ವಾತಂತ್ರ್ಯಕ್ಕೆ ಉತ್ತರ ಸೇರಿದರೆ ಸ್ವಾತಂತ್ರ್ಯೋತ್ತರ, ಗುಣಸಂಧಿ, ಸರಿಯಾಗಿದೆ. ವಸಾಹತು ಉಕಾರಾಂತ ಪದ. ಅಲ್ಲಿ ಓಕಾರ ಹುಟ್ಟುವುದಕ್ಕೆ ಯಾವ ಸೂತ್ರವೂ ಇಲ್ಲ. ಆದರೂ ನಾನು ಜಗಳ ತೆಗೆಯಲಾರೆ. 'ಕಟ್ಟಕಡೆಯ' ಎಂಬರ್ಥದ ಲ್ಯಾಟಿನ್ 'ಪೋಸ್ಟುಮುಸ್' ಪದಕ್ಕೆ, ಮಣ್ಣನ್ನು ಹೇಳುವ 'ಹುಮುಸ್' ಪದದ ಭ್ರಾಂತಿಯಿಂದ ಹಕಾರವೊಂದು ಅಂಟಿಕೊಂಡು, ಅದೇ ಇಂಗ್ಲಿಷಿನಲ್ಲಿ 'ಪೋಸ್ಟ್‌ಹ್ಯುಮಸ್' ಎಂದು ಬರೆಯುವ ರೂಢಿಯಾಗಿದೆ. ರೂಢಿಯ ಮುಂದೆ ವೈಯಾಕರಣರು ಸೋಲುವುದು ಎಲ್ಲ ಕಡೆಯೂ ಉಂಟು.

ನನ್ನ ತಕರಾರಿರುವುದು ಅರ್ಥದ ವಿಷಯದಲ್ಲಿ. ಕನ್ನಡದ 'ಉತ್ತರ'ಕ್ಕೆ 'ಆಮೇಲಿನದು' ಎಂಬ ಅರ್ಥದ ಜೊತೆಗೆ 'ಪ್ರಶ್ನೆಗೆ ಕೊಡುವ ಜವಾಬು' ಎಂಬ ಅರ್ಥವೂ ಇದೆ. ಇಂಗ್ಲಿಷಿನ ಉಪಸರ್ಗಕ್ಕೆ ಈ ಭಾಗ್ಯವಿಲ್ಲ. ನಾವೋ, ಕೈಯಲ್ಲಿರುವ ಈ ಸಂಪತ್ತನ್ನು ಬಿಟ್ಟು, ಇಂಗ್ಲಿಷಿನ ಮುದ್ರೆಯನ್ನಷ್ಟೇ ಒತ್ತುತ್ತಿದ್ದೇವೆ. ಒಂದು ಕಾದಂಬರಿ 1947ರ ನಂತರ ಅಚ್ಚಾಯಿತೆಂದು ಹೇಳುವುದಕ್ಕೆ ಗ್ರಂಥಾಲಯದ ಪಟ್ಟಿ ಸಾಕು. ಪರಕೀಯ ಆಳ್ವಿಕೆ ನಮ್ಮ ಮನಸ್ಸಿಗೆ ಹಾಕಿದ ಪ್ರಶ್ನೆಗೆ ಆ ಕಾದಂಬರಿ ಏನು ಉತ್ತರ ಕೊಟ್ಟಿತು, ಕೊಟ್ಟಿತೋ ಇಲ್ಲವೋ, ಎಂದು ವಿಚಾರಿಸುವುದು ವಿಮರ್ಶೆ.

ಹುಡುಗನ ಪ್ರಬಂಧದಲ್ಲಿ ಆ ಪದ ಬಂದ ಹನ್ನೊಂದು ಕಡೆಯೂ ಅಂಚಿನಲ್ಲಿ 'ಯಾವುದಕ್ಕೆ ಉತ್ತರ?' ಎಂದು ಬರೆದು ಹಿಂದಿರುಗಿಸಿದ್ದೇನೆ. ಅವನು ಇನ್ನೂ ಈ ಕಡೆ ಬಂದಿಲ್ಲ.